ಏಜೆಂಟ್ ಪುಶ್ ಮಾಡುವ ಮೊದಲೇ ಸಿಐ ತಪ್ಪು ಗೊತ್ತಾಗೋದು ಹೇಗೆ?

ಪ್ರಶ್ನೆ: ನಾವು ಐದು ಜನರ ತಂಡ. ಕೋಡ್ ಗಿಟ್‌ಹಬ್‌ನಲ್ಲಿದೆ, ಸಿಐ (ಪುಶ್ ಮಾಡಿದ ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಓಡುತ್ತದೆ. ಬ್ಯಾಕೆಂಡ್ ಪೈಥಾನ್, ಫ್ರಂಟೆಂಡ್ ಟೈಪ್‌ಸ್ಕ್ರಿಪ್ಟ್. ಕೆಲವು ತಿಂಗಳಿಂದ ಎಐ ಕೋಡಿಂಗ್ ಏಜೆಂಟ್ ಬಳಸುತ್ತಿದ್ದೇವೆ. ಅದು "ಎಲ್ಲ ಟೆಸ್ಟ್ ಪಾಸ್ ಆಗಿವೆ" ಎಂದು ಹೇಳಿ ಪುಶ್ ಮಾಡುತ್ತದೆ. ಹದಿನಾಲ್ಕು ನಿಮಿಷ ಕಾದ ಮೇಲೆ ಸಿಐ ಕೆಂಪಾಗುತ್ತದೆ. ಮತ್ತೆ ತಿದ್ದುತ್ತದೆ, ಮತ್ತೆ ಪುಶ್, ಮತ್ತೆ ಕೆಂಪು. ಕೆಲವು ಪಿಆರ್‌ಗಳಲ್ಲಿ (ಪುಲ್ ರಿಕ್ವೆಸ್ಟ್, ಅಂದರೆ ಕೋಡನ್ನು ಮೇನ್‌ಗೆ ಸೇರಿಸುವ ಕೋರಿಕೆ) 'ಸಿಐ ಸರಿಪಡಿಸಿದೆ' ಅನ್ನುವ ಕಮಿಟ್‌ಗಳೇ ಏಳೆಂಟು ಇರುತ್ತವೆ. ಗಿಟ್‌ಹಬ್ ಆಕ್ಷನ್ಸ್ ವರ್ಕ್‌ಫ್ಲೋಗಳನ್ನು ನಮ್ಮ ಯಂತ್ರದಲ್ಲೇ ಓಡಿಸುವ ಆಕ್ಟ್ ಎಂಬ ಟೂಲ್ ಹಾಕಿ ನೋಡಿದೆವು. ಅರ್ಧ ವರ್ಕ್‌ಫ್ಲೋ ಓಡಿತು, ಅರ್ಧ ಓಡಲಿಲ್ಲ, ಡಿಸ್ಕ್ ಮಾತ್ರ ತುಂಬಿತು. ಇಡೀ ಸಿಐಯನ್ನು ಲೋಕಲ್ ಆಗಿ ಓಡಿಸುವ ಸರಿಯಾದ ದಾರಿ ಯಾವುದು?

ಉತ್ತರ: ಇಡೀ ಸಿಐಯನ್ನು ಲೋಕಲ್‌ಗೆ ತರುವ ಗುರಿಯನ್ನು ಮೊದಲು ಕೈಬಿಡಿ. ತಾನು ಬರೆದ ಕೋಡ್ ಸರಿಯೋ ತಪ್ಪೋ ಅಂತ ಒಂದೆರಡು ನಿಮಿಷದಲ್ಲಿ, ಸುಳ್ಳು ಹೇಳದೆ ತಿಳಿಸುವ ಒಂದು ಕಮಾಂಡ್ ಸಿಕ್ಕರೆ ನಿಮ್ಮ ಏಜೆಂಟ್‌ಗೆ ಸಾಕು. ಅದೇ ಕಮಾಂಡನ್ನು ಸಿಐ ಕೂಡ ಓಡಿಸಬೇಕು. ನನ್ನ ಉತ್ತರದ ತಿರುಳು ಇಷ್ಟೇ. ಆದರೆ ಇದನ್ನು ಕಟ್ಟುವಾಗ ಎಡವುವ ಜಾಗಗಳು ಬಹಳ ಇವೆ. ಅವನ್ನು ವಿವರವಾಗಿ ಹೇಳುತ್ತೇನೆ.

ನಿಮ್ಮ ವರ್ಕ್‌ಫ್ಲೋ ಫೈಲ್ ತೆರೆಯಿರಿ. ಒಂದೊಂದು ಸ್ಟೆಪ್ ಮುಂದೆಯೂ ಒಂದು ಗುರುತು ಹಾಕುತ್ತಾ ಹೋಗಿ. ಕೆಲವು ಸ್ಟೆಪ್‌ಗಳು ನಿಜವಾಗಿ ಕೋಡನ್ನು ಪರೀಕ್ಷಿಸುತ್ತವೆ: ಲಿಂಟ್ (ಕೋಡ್ ಓಡಿಸದೆ ತಪ್ಪು, ಶೈಲಿ ನೋಡುವುದು), ಟೈಪ್ ಚೆಕ್, ಯೂನಿಟ್ ಟೆಸ್ಟ್, ಬಿಲ್ಡ್, ಮೈಗ್ರೇಶನ್ ಸರಿಯಿದೆಯಾ ಅನ್ನುವ ಚೆಕ್. ಉಳಿದವು ಪರೀಕ್ಷೆಗೆ ಜಾಗ ಸಿದ್ಧ ಮಾಡುತ್ತವೆ ಅಥವಾ ಫಲಿತಾಂಶವನ್ನು ಮುಂದಕ್ಕೆ ಸಾಗಿಸುತ್ತವೆ: ಚೆಕ್‌ಔಟ್, ನೋಡ್ ಮತ್ತು ಪೈಥಾನ್ ಹಾಕುವುದು, ಕ್ಯಾಶ್, ಆರ್ಟಿಫ್ಯಾಕ್ಟ್, ಸೀಕ್ರೆಟ್ (ಗುಟ್ಟಾದ ಕೀಗಳು), ಡಿಪ್ಲಾಯ್. ಆಕ್ಟ್‌ನಲ್ಲಿ ಓಡದೇ ಹೋದ ಅರ್ಧ ಯಾವುದು ಅಂತ ನೋಡಿ. ಹೆಚ್ಚುಕಮ್ಮಿ ಎಲ್ಲವೂ ಎರಡನೇ ಗುಂಪಿನವೇ ಆಗಿರುತ್ತವೆ. ಏಜೆಂಟ್ ಬರೆದ ಕೋಡ್‌ನಿಂದ ಕೆಂಪಾಗುವುದು ಮೊದಲ ಗುಂಪು. ನೀವು ಲೋಕಲ್‌ಗೆ ತರಬೇಕಾದದ್ದೂ ಅದನ್ನೇ.

ಹಾಗಾಗಿ ಮೊದಲ ಕೆಲಸ, ಯಾಮಲ್ (ಅದೇ ವರ್ಕ್‌ಫ್ಲೋ ಫೈಲ್) ಒಳಗಿರುವ ಪರೀಕ್ಷೆಗಳನ್ನೆಲ್ಲ ಹೊರಗೆ ತೆಗೆದು ಒಂದು ಸ್ಕ್ರಿಪ್ಟ್‌ಗೆ ಹಾಕುವುದು. ಕಮಾಂಡ್‌ಗಳನ್ನು ಓಡಿಸುವ ಮೇಕ್ ಬಳಸಿ, ಜಸ್ಟ್ ಎಂಬ ಟೂಲ್ ಬಳಸಿ, ಬರೀ ಶೆಲ್ ಸ್ಕ್ರಿಪ್ಟ್ ಆದರೂ ಸರಿ. ಮೇಕ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು. ಈ ಕೆಲಸಕ್ಕೆ ಇವತ್ತಿಗೂ ಧಾರಾಳವಾಗಿ ಸಾಕು, ಏಜೆಂಟ್‌ಗಳಿಗೂ ಅದು ಚೆನ್ನಾಗಿ ಗೊತ್ತು. ಕೊನೆಗೆ ನಿಮ್ಮ ಯಾಮಲ್‌ನ ಒಂದು ಜಾಬ್‌ನಲ್ಲಿ ಉಳಿಯಬೇಕಾದದ್ದು ಇಷ್ಟು: ಕೋಡ್ ತಾ, ಟೂಲ್‌ಗಳನ್ನು ಹಾಕು, 'ಮೇಕ್ ಚೆಕ್' ಓಡಿಸು. ಯಾಮಲ್ ಒಳಗೆ ಇಪ್ಪತ್ತು ಸಾಲಿನ ಬ್ಯಾಶ್ ಇದ್ದರೆ ಅದನ್ನು ಏಜೆಂಟ್ ಅಲ್ಲಿಂದ ಕಾಪಿ ಮಾಡಿ ತನಗೆ ತೋಚಿದಂತೆ ಓಡಿಸುತ್ತದೆ. ಒಂದು ಫ್ಲ್ಯಾಗ್ ಬಿಟ್ಟುಹೋಗುತ್ತದೆ, ಒಂದು ಎನ್ವಿರಾನ್ಮೆಂಟ್ ವೇರಿಯಬಲ್ ಮರೆತುಹೋಗುತ್ತದೆ. ಲೋಕಲ್ ಒಂದು ಕಡೆ, ಸಿಐ ಇನ್ನೊಂದು ಕಡೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಗುತ್ತದೆ.

ಪೈಪ್‌ಲೈನನ್ನೇ ಪ್ರೋಗ್ರಾಂ ಆಗಿ ಬರೆಯುವ ಡ್ಯಾಗರ್‌ನಂಥ ಟೂಲ್‌ಗಳೂ ಇವೆ. ಡಾಕರ್ ಕಟ್ಟಿದ ಸಾಲೊಮನ್ ಹೈಕ್ಸ್ ಮತ್ತು ಸಂಗಡಿಗರು ಶುರು ಮಾಡಿದ್ದು ಅದು. ಹತ್ತಾರು ರೆಪೊ, ಹತ್ತಾರು ಭಾಷೆ ಇರುವ ತಂಡಕ್ಕೆ ಅದು ಒಪ್ಪುತ್ತದೆ. ಐದು ಜನರಿಗೆ ಒಂದು ಮೇಕ್‌ಫೈಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಅತಿ ಮುಖ್ಯವಾದ ವಿಷಯಕ್ಕೆ ಬರೋಣ. "ಎಲ್ಲ ಟೆಸ್ಟ್ ಪಾಸ್" ಎಂದು ಏಜೆಂಟ್ ಹೇಳಿದಾಗ ಅದು ಏನನ್ನು ನೋಡಿ ಹೇಳಿತು? ನಾನು ಒಮ್ಮೆ ಇಡೀ ಮಧ್ಯಾಹ್ನ ಈ ಪ್ರಶ್ನೆಯ ಹಿಂದೆ ಬಿದ್ದಿದ್ದೆ. ಏಜೆಂಟ್ ಮೂರು ಸಲ ಪಾಸ್ ಅಂದಿತ್ತು, ಸಿಐ ಮೂರು ಸಲ ಕೆಂಪಾಗಿತ್ತು. ಕೊನೆಗೆ ಅದು ಓಡಿಸಿದ ಕಮಾಂಡ್‌ಗಳನ್ನೇ ಒಂದೊಂದಾಗಿ ಓದಿದೆ. ಟೆಸ್ಟ್ ಕಮಾಂಡ್‌ನ ಕೊನೆಗೆ ಒಂದು ಪೈಪ್ (ಒಂದರ ಔಟ್‌ಪುಟನ್ನು ಇನ್ನೊಂದು ಕಮಾಂಡ್‌ಗೆ ಕೊಡುವ ಗುರುತು) ಹಾಕಿ, 'ಟೇಲ್' ಮೂಲಕ ಕೊನೆಯ ಇಪ್ಪತ್ತು ಸಾಲು ಮಾತ್ರ ನೋಡುತ್ತಿತ್ತು. ಔಟ್‌ಪುಟ್ ಜಾಸ್ತಿ ಆಗದಿರಲಿ ಅಂತ ಏಜೆಂಟ್‌ಗಳು ಇದನ್ನು ಬಹಳ ಸಲ ಮಾಡುತ್ತವೆ. ತೊಂದರೆ ಏನೆಂದರೆ, ಪೈಪ್ ಇದ್ದಾಗ ಶೆಲ್ ಹಿಂದಿರುಗಿಸುವುದು ಕೊನೆಯ ಕಮಾಂಡ್‌ನ ಎಕ್ಸಿಟ್ ಕೋಡ್, ಅಂದರೆ ಗೆದ್ದಿತೋ ಬಿತ್ತೋ ಎಂದು ಹೇಳುವ ಸಂಖ್ಯೆ. ಟೆಸ್ಟ್ ಬಿದ್ದರೂ ಟೇಲ್ ಯಾವತ್ತೂ ಬೀಳುವುದಿಲ್ಲ, ಅಲ್ವಾ? ಕೋಡ್ ಸೊನ್ನೆ ಬರುತ್ತದೆ. ಸೊನ್ನೆ ಅಂದರೆ ಪಾಸ್. ನಮ್ಮಲ್ಲಿ ಟೆಸ್ಟ್ ರನ್ನರ್ ಬಿದ್ದ ಟೆಸ್ಟ್‌ಗಳ ಪಟ್ಟಿಯನ್ನು ಮೊದಲೇ ಅಚ್ಚು ಹಾಕಿ, ಕೊನೆಗೆ ಉದ್ದನೆಯ ಕವರೇಜ್ ಪಟ್ಟಿ ತೋರಿಸುತ್ತಿತ್ತು. ಆ ಇಪ್ಪತ್ತು ಸಾಲಲ್ಲಿ ಕೆಂಪು ಕಾಣಲೇ ಇಲ್ಲ. ಏಜೆಂಟ್ ಬೇಕಂತಲೇ ಸುಳ್ಳು ಹೇಳಿರಲಿಲ್ಲ. ಅದರ ಕಣ್ಣಿಗೆ ಬಿದ್ದದ್ದೇ ಅಷ್ಟು.

ಇದಕ್ಕೆ ಪರಿಹಾರ 'ಪೈಪ್‌ಫೇಲ್': ಪೈಪ್‌ನ ಯಾವ ಕಮಾಂಡ್ ಬಿದ್ದರೂ ಇಡೀ ಪೈಪ್ ಬಿತ್ತು ಅನ್ನುವ ಶೆಲ್ ಆಯ್ಕೆ. ಆದರೆ ಅದನ್ನು ನಿಮ್ಮ ಸ್ಕ್ರಿಪ್ಟ್ ಒಳಗೆ ಹಾಕಿದರೂ, ಹೊರಗಿನಿಂದ ಏಜೆಂಟ್ ಸ್ಕ್ರಿಪ್ಟ್‌ಗೇ ಪೈಪ್ ಹಾಕಿದರೆ ಮತ್ತೆ ಅದೇ ಕಥೆ. ಹಾಗಾಗಿ ಪೈಪ್ ಹಾಕುವ ಅಗತ್ಯವೇ ಬರದಂತೆ ಮಾಡಿ. ಸ್ಕ್ರಿಪ್ಟ್ ತಾನೇ ಕಡಿಮೆ ಮಾತಾಡಲಿ. ಪೂರ್ತಿ ಔಟ್‌ಪುಟ್ ಒಂದು ಲಾಗ್ ಫೈಲ್‌ಗೆ ಹೋಗಲಿ. ತೆರೆಯ ಮೇಲೆ ಪಾಸ್ ಆದ ಪ್ರತಿ ಹಂತಕ್ಕೆ ಒಂದೇ ಸಾಲು. ಬಿದ್ದ ಹಂತಕ್ಕೆ ತಪ್ಪಿನ ಸಾಲುಗಳು ಮಾತ್ರ, ಜೊತೆಗೆ ಲಾಗ್ ಫೈಲ್ ಎಲ್ಲಿದೆ ಅನ್ನುವುದು. ಎಲ್ಲಕ್ಕಿಂತ ಕೊನೆಯ ಸಾಲು 'ಚೆಕ್ ಪಾಸ್' ಅಥವಾ 'ಚೆಕ್ ಫೇಲ್' ಎಂದೇ ಇರಲಿ. ಆಗ ಟೇಲ್ ಹಾಕಿದರೂ ನಿಜವೇ ಕಾಣುತ್ತದೆ.

ಸಿಐ ಕಡೆಯೂ ಇದೇ ಬಲೆ ಇದೆ, ಸ್ವಲ್ಪ ಗಮನಿಸಿ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಸ್ಟೆಪ್‌ಗೆ ಶೆಲ್ ಯಾವುದು ಅಂತ ಬರೆಯದೇ ಬಿಟ್ಟರೆ, ಲಿನಕ್ಸ್‌ನಲ್ಲಿ ಬ್ಯಾಶ್ ಬರೀ 'ಮೈನಸ್ ಇ' (ಕಮಾಂಡ್ ಬಿದ್ದರೆ ನಿಲ್ಲು) ಜೊತೆ ಓಡುತ್ತದೆ. ಪೈಪ್‌ಫೇಲ್ ಇರುವುದಿಲ್ಲ. ಶೆಲ್ ಬ್ಯಾಶ್ ಅಂತ ನೀವೇ ಬರೆದರೆ ಮಾತ್ರ ಪೈಪ್‌ಫೇಲ್ ಸೇರುತ್ತದೆ. ಒಂದೇ ಪದದ ವ್ಯತ್ಯಾಸ ಅಷ್ಟೇ. ಆದರೆ ಬಿದ್ದ ಟೆಸ್ಟ್ ಹಸಿರಾಗಿ ಕಾಣಲು ಅಷ್ಟು ಸಾಕು.

ಔಟ್‌ಪುಟ್ ಬಗ್ಗೆ ಇನ್ನೂ ಎರಡು ಮಾತು. ಮನುಷ್ಯರಿಗೆ ಸಾವಿರ ಸಾಲಿನ ಲಾಗ್ ಕಿರಿಕಿರಿ. ಏಜೆಂಟ್‌ಗೆ ಅದು ಅದಕ್ಕಿಂತ ಕೆಟ್ಟದ್ದು, ಯಾಕಂದರೆ ಓದಿದ ಪ್ರತಿ ಸಾಲೂ ಅದರ ಕಾಂಟೆಕ್ಸ್ಟ್ (ಒಮ್ಮೆಗೆ ನೆನಪಿಟ್ಟುಕೊಳ್ಳಬಲ್ಲ ಜಾಗ) ತಿನ್ನುತ್ತದೆ. ನಾಲ್ಕು ಸಲ ಪೂರ್ತಿ ಲಾಗ್ ಓದಿದ ಮೇಲೆ, ಶುರುವಿನಲ್ಲಿ ನೀವು ಹೇಳಿದ ಸೂಚನೆಗೆ ಅದರ ಗಮನ ಉಳಿದಿರುವುದೇ ಕಡಿಮೆ. ಬಣ್ಣದ ಕೋಡ್, ಪ್ರೋಗ್ರೆಸ್ ಬಾರ್, ಇನ್‌ಸ್ಟಾಲ್ ಗದ್ದಲ ಎಲ್ಲವನ್ನೂ ಆರಿಸಿ. ಪೈಟೆಸ್ಟ್‌ನಲ್ಲಿ ಟ್ರೇಸ್‌ಬ್ಯಾಕನ್ನು 'ಶಾರ್ಟ್' ಮಾಡಿ, 'ಮ್ಯಾಕ್ಸ್‌ಫೇಲ್' 5 ಇಡಿ. ಒಂದು ಇಂಪೋರ್ಟ್ ತಪ್ಪಿನಿಂದ ಮುನ್ನೂರು ಟೆಸ್ಟ್ ಬಿದ್ದರೆ, ಮುನ್ನೂರೂ ಒಂದೇ ಕಥೆ ಹೇಳುತ್ತವೆ. ಆದರೆ ಲಿಂಟ್ ಮತ್ತು ಟೈಪ್ ಚೆಕ್ ವಿಷಯದಲ್ಲಿ ಉಲ್ಟಾ. ಲಿಂಟ್ ಬಿತ್ತು ಅಂತ ಅಲ್ಲೇ ನಿಲ್ಲಬೇಡಿ, ಟೈಪ್ ಚೆಕ್ ಕೂಡ ಓಡಿಸಿ, ಎರಡರ ತಪ್ಪನ್ನೂ ಒಟ್ಟಿಗೆ ಕೊಡಿ. ಏಜೆಂಟ್ ಒಂದೇ ಸುತ್ತಿನಲ್ಲಿ ಎರಡನ್ನೂ ತಿದ್ದುತ್ತದೆ.

ವೇಗದ ವಿಷಯ. ಹದಿನಾಲ್ಕು ನಿಮಿಷದ ಪರೀಕ್ಷೆಯನ್ನು ಲೋಕಲ್‌ನಲ್ಲಿ ಓಡಿಸಿದರೂ ಅದು ಹದಿನಾಲ್ಕು ನಿಮಿಷವೇ. ಮೂರು ಹಂತ ಮಾಡಿ. ಮೊದಲನೆಯದು ಸೆಕೆಂಡುಗಳಲ್ಲಿ ಮುಗಿಯಬೇಕು: ಫಾರ್ಮ್ಯಾಟ್, ಲಿಂಟ್, ಟೈಪ್. ಇದನ್ನು ಏಜೆಂಟ್ ಪ್ರತಿ ತಿದ್ದುಪಡಿಯ ನಂತರ ಓಡಿಸಲಿ. ರಫ್‌ನಂಥ ಲಿಂಟರ್ ಇದ್ದರೆ ಪೈಥಾನ್ ಕಡೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಈಎಸ್‌ಲಿಂಟ್‌ಗೆ ಕ್ಯಾಶ್, ಟೈಪ್‌ಸ್ಕ್ರಿಪ್ಟ್‌ಗೆ ಇನ್‌ಕ್ರಿಮೆಂಟಲ್ ಆನ್ ಮಾಡಿ. ಎರಡನೆಯದು, ಬದಲಾದ ಫೈಲ್‌ಗಳಿಗೆ ಸಂಬಂಧಪಟ್ಟ ಟೆಸ್ಟ್‌ಗಳು. ಜೆಸ್ಟ್‌ನಲ್ಲಿ 'ಓನ್ಲಿ ಚೇಂಜ್ಡ್' ಇದೆ. ಪೈಟೆಸ್ಟ್‌ನಲ್ಲಿ ಹಿಂದಿನ ಸಲ ಬಿದ್ದವನ್ನು ಮಾತ್ರ ಓಡಿಸುವ 'ಲಾಸ್ಟ್ ಫೇಲ್ಡ್' ಇದೆ. ಮೂರನೆಯದು ಪೂರ್ತಿ ಚೆಕ್. ಪುಶ್‌ಗೆ ಮೊದಲು ಒಮ್ಮೆ, ಅಷ್ಟೇ.

ಇನ್ನು, ಲೋಕಲ್‌ನಲ್ಲಿ ನಿಜವಾಗಿಯೂ ಪಾಸ್ ಆಗಿ ಸಿಐಯಲ್ಲಿ ಬೀಳುವ ಪ್ರಸಂಗಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದರೆ ನಿಮ್ಮ ಏಳೆಂಟು ಕಮಿಟ್‌ಗಳಲ್ಲಿ ಅರ್ಧ ಇವೇ ಇರಬಹುದು.

ಎಲ್ಲಕ್ಕಿಂತ ಸಾಮಾನ್ಯವಾದದ್ದು, ಕಮಿಟ್ ಆಗದ ಫೈಲ್. ಏಜೆಂಟ್ ಹೊಸ ಮಾಡ್ಯೂಲ್ ಬರೆಯುತ್ತದೆ, ಹಳೆಯ ಫೈಲ್‌ನಲ್ಲಿ ಅದನ್ನು ಇಂಪೋರ್ಟ್ ಮಾಡುತ್ತದೆ, ಹಳೆಯ ಫೈಲನ್ನು ಮಾತ್ರ ಕಮಿಟ್ ಮಾಡುತ್ತದೆ. ಹೊಸ ಫೈಲ್ ಡಿಸ್ಕ್‌ನಲ್ಲಿದೆ, ಹಾಗಾಗಿ ಲೋಕಲ್ ಟೆಸ್ಟ್ ಹಸಿರು. ಆಕ್ಟ್ ಬಳಸಿದರೂ ಇದು ಸಿಕ್ಕಿಬೀಳುವುದಿಲ್ಲ. ಆಕ್ಟ್ ಸಾಮಾನ್ಯವಾಗಿ ಚೆಕ್‌ಔಟ್ ಸ್ಟೆಪ್ ಬಂದಾಗ ಗಿಟ್‌ಹಬ್‌ನಿಂದ ಕೋಡ್ ತರುವುದಿಲ್ಲ. ನಿಮ್ಮ ಫೋಲ್ಡರ್‌ನಲ್ಲಿ ಈಗ ಏನಿದೆಯೋ ಅದನ್ನೇ ಕಂಟೇನರ್‌ಗೆ ಕಾಪಿ ಮಾಡುತ್ತದೆ. ಗಿಟ್‌ಇಗ್ನೋರ್‌ನಲ್ಲಿ ಇರುವುದನ್ನು ಮಾತ್ರ ಬಿಡುತ್ತದೆ. ಕಮಿಟ್ ಆಗದ ಹೊಸ ಫೈಲ್ ಸಹ ಜೊತೆಗೇ ಹೋಗುತ್ತದೆ.

ಎರಡನೆಯದು ಮರ್ಜ್. ಪಿಆರ್‌ಗಾಗಿ ಓಡುವ ವರ್ಕ್‌ಫ್ಲೋದಲ್ಲಿ ಗಿಟ್‌ಹಬ್ ಚೆಕ್‌ಔಟ್ ಮಾಡುವುದು ನಿಮ್ಮ ಬ್ರಾಂಚ್‌ನ ತುದಿಯನ್ನಲ್ಲ. ನಿಮ್ಮ ಬ್ರಾಂಚನ್ನು ಮೇನ್ ಜೊತೆ ಸೇರಿಸಿದರೆ ಬರುವ ತಾತ್ಕಾಲಿಕ ಮರ್ಜ್ ಕಮಿಟ್ ಅದು. ಯಾರೋ ಮೇನ್‌ನಲ್ಲಿ ಒಂದು ಫಂಕ್ಷನ್‌ನ ಹೆಸರು ಬದಲಿಸಿದ್ದಾರೆ, ನಿಮ್ಮ ಏಜೆಂಟ್ ಹಳೆಯ ಹೆಸರಲ್ಲೇ ಕರೆದಿದೆ ಅಂದುಕೊಳ್ಳಿ. ಬ್ರಾಂಚ್‌ನಲ್ಲಿ ಹಸಿರು, ಮರ್ಜ್‌ನಲ್ಲಿ ಕೆಂಪು. ಏಜೆಂಟ್ ತನ್ನ ಕೋಡಲ್ಲೇ ತಪ್ಪು ಹುಡುಕುತ್ತಾ ಕೂರುತ್ತದೆ. ತಪ್ಪು ಅಲ್ಲಿ ಇರುವುದೇ ಇಲ್ಲ.

ಈ ಎರಡಕ್ಕೂ ಮದ್ದು ಒಂದೇ: ಗಿಟ್ ವರ್ಕ್‌ಟ್ರೀ, ಅಂದರೆ ಅದೇ ರೆಪೊಗೆ ಇನ್ನೊಂದು ಕೆಲಸದ ಫೋಲ್ಡರ್. ಗಿಟ್ 2.5ರಿಂದ, ಅಂದರೆ 2015ರಿಂದ ಇರುವ ಸೌಲಭ್ಯ. ಪೂರ್ತಿ ಚೆಕ್ ಓಡಿಸುವಾಗ ಸ್ಕ್ರಿಪ್ಟ್ ಒಂದು ತಾತ್ಕಾಲಿಕ ವರ್ಕ್‌ಟ್ರೀ ಮಾಡಲಿ, ಅದರಲ್ಲಿ ಹೆಡ್ ಕಮಿಟ್ (ಬ್ರಾಂಚ್‌ನ ಕೊನೆಯ ಕಮಿಟ್) ಮಾತ್ರ ಇರಲಿ. ಮೇನ್‌ನ ಹೊಸ ರೂಪವನ್ನು ಫೆಚ್ ಮಾಡಿ ಅದರೊಳಗೆ ಮರ್ಜ್ ಮಾಡಲಿ. ಡಿಪೆಂಡೆನ್ಸಿಗಳನ್ನು ಲಾಕ್ ಫೈಲ್‌ನಿಂದ (ಪ್ಯಾಕೇಜ್‌ಗಳ ನಿಖರ ವರ್ಶನ್ ಬರೆದಿರುವ ಫೈಲ್) ಹಾಕಲಿ. ಅಲ್ಲಿ ಟೆಸ್ಟ್ ಓಡಿಸಿ, ಮುಗಿದ ಮೇಲೆ ಅಳಿಸಲಿ. ಏಜೆಂಟ್‌ನ ಕೆಲಸದ ಫೋಲ್ಡರ್‌ಗೆ ಏನೂ ಆಗುವುದಿಲ್ಲ. ಇನ್‌ಸ್ಟಾಲ್ ನಿಧಾನ ಅಂತ ಹಳೆಯ ನೋಡ್ ಮಾಡ್ಯೂಲ್ಸ್ ಫೋಲ್ಡರ್‌ಗೆ ಸಿಮ್‌ಲಿಂಕ್ ಕೊಡುವ ಆಸೆ ಬರುತ್ತದೆ. ಬೇಡ. ಏಜೆಂಟ್ ಪ್ಯಾಕೇಜ್ ಹಾಕಿ ಲಾಕ್ ಫೈಲ್ ಕಮಿಟ್ ಮಾಡಲು ಮರೆತಾಗ ಹಿಡಿಯುವುದೇ ಈ ಇನ್‌ಸ್ಟಾಲ್. 'ಎನ್‌ಪಿಎಂ ಸಿಐ' ಕಮಾಂಡ್ ಲಾಕ್ ಫೈಲ್ ಮತ್ತು ಪ್ಯಾಕೇಜ್ ಫೈಲ್ ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. 'ಎನ್‌ಪಿಎಂ ಇನ್‌ಸ್ಟಾಲ್' ಆದರೆ ಲಾಕ್ ಫೈಲನ್ನು ತಾನೇ ತಿದ್ದಿ ಸುಮ್ನೆ ಮುಂದೆ ಹೋಗುತ್ತದೆ.

ಒಂದೇ ಯಂತ್ರದಲ್ಲಿ ಎರಡು ಮೂರು ಏಜೆಂಟ್ ಓಡಿಸುವವರಿಗೆ ವರ್ಕ್‌ಟ್ರೀ ಹೇಗೂ ಬೇಕೇ ಬೇಕು. ಆದರೆ ಪೋರ್ಟ್ ಬಗ್ಗೆ ಹುಷಾರು. ಎರಡೂ ಚೆಕ್‌ಗಳು ಪೋಸ್ಟ್‌ಗ್ರೆಸ್‌ಗೆ 5432 ಪೋರ್ಟನ್ನೇ ಕೇಳಿದರೆ ಒಂದು ಬೀಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ಎರಡೂ ಒಂದೇ ಡೇಟಾಬೇಸ್‌ಗೆ ಬರೆದು, ಯಾವ ಕಾರಣಕ್ಕೆ ಬಿತ್ತು ಅಂತಲೇ ತಿಳಿಯದ ಹಾಗಾಗುತ್ತದೆ. ಪೋರ್ಟ್ ಸಂಖ್ಯೆಯನ್ನು ಡಾಕರ್‌ಗೇ ಆರಿಸಲು ಬಿಡಿ. ಡಾಕರ್ ಕಂಪೋಸ್ ಪ್ರಾಜೆಕ್ಟ್ ಹೆಸರನ್ನು ವರ್ಕ್‌ಟ್ರೀ ಹೆಸರಿನಿಂದ ಕಟ್ಟಿ.

ಉಳಿದ ವ್ಯತ್ಯಾಸಗಳನ್ನು ಬೇಗ ಹೇಳಿಬಿಡುತ್ತೇನೆ. ಗಿಟ್‌ಹಬ್ ರನ್ನರ್‌ನಲ್ಲಿ 'ಸಿಐ' ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ 'ಟ್ರೂ' ಆಗಿರುತ್ತದೆ. ಜೆಸ್ಟ್ ಇದನ್ನು ನೋಡಿ ನಡವಳಿಕೆ ಬದಲಿಸುತ್ತದೆ. ಲೋಕಲ್‌ನಲ್ಲಿ ಹೊಸ ಸ್ನ್ಯಾಪ್‌ಶಾಟನ್ನು (ಮುಂದೆ ಹೋಲಿಸಲು ಉಳಿಸಿಡುವ ಔಟ್‌ಪುಟ್) ತಾನೇ ಬರೆದು ಪಾಸ್ ಅನ್ನುತ್ತದೆ, ಸಿಐಯಲ್ಲಿ ಬರೆಯುವುದಿಲ್ಲ, ಟೆಸ್ಟ್ ಬೀಳುತ್ತದೆ. ಹಾಗಾಗಿ ನಿಮ್ಮ ಚೆಕ್ ಸ್ಕ್ರಿಪ್ಟ್‌ನ ಮೊದಲ ಸಾಲಲ್ಲೇ ಆ ವೇರಿಯಬಲ್ ಹಾಕಿ. ರನ್ನರ್‌ನ ಟೈಮ್‌ಝೋನ್ ಯುಟಿಸಿ. ಸ್ಕ್ರಿಪ್ಟ್‌ನಲ್ಲೂ ಯುಟಿಸಿ ಇರಲಿ. ಇಲ್ಲದಿದ್ದರೆ ದಿನಾಂಕದ ಟೆಸ್ಟ್‌ಗಳು ದಿನದ ಕೆಲವು ಗಂಟೆ ಮಾತ್ರ ಬೀಳುತ್ತವೆ. ಮ್ಯಾಕ್‌ನ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಫೈಲ್ ಹೆಸರಿನ ಒಂದು ಅಕ್ಷರ ದೊಡ್ಡದಾಗಿದ್ದರೂ ಇಂಪೋರ್ಟ್ ಸಿಐಯಲ್ಲಿ ಮಾತ್ರ ಮುರಿಯುತ್ತದೆ. ಇದನ್ನು ಹಿಡಿಯಲು ಚೆಕ್ಕನ್ನು ಲಿನಕ್ಸ್ ಕಂಟೇನರ್ ಒಳಗೆ, ಅದರದ್ದೇ ಫೈಲ್ ಸಿಸ್ಟಮ್ ಮೇಲೆ ಓಡಿಸಬೇಕು. ಮ್ಯಾಕ್ ಫೋಲ್ಡರನ್ನು ಮೌಂಟ್ ಮಾಡಿದರೆ ಉಪಯೋಗವಿಲ್ಲ.

ವರ್ಶನ್‌ಗಳೂ ಹಾಗೇ. ನೋಡ್ ಮತ್ತು ಪೈಥಾನ್ ವರ್ಶನನ್ನು ಯಾಮಲ್‌ನಲ್ಲಿ ಬರೆಯಬೇಡಿ, ರೆಪೊದ ಒಂದು ಫೈಲ್‌ನಲ್ಲಿ ಬರೆಯಿರಿ. ಸೆಟಪ್ ಆಕ್ಷನ್‌ಗಳು ಆ ಫೈಲನ್ನು ಓದಬಲ್ಲವು, ನಿಮ್ಮ ಲೋಕಲ್ ಟೂಲ್‌ಗಳೂ ಓದಬಲ್ಲವು. 'ಉಬುಂಟು ಲೇಟೆಸ್ಟ್' ಅನ್ನುವ ಹೆಸರನ್ನೂ ನಂಬಬೇಡಿ. 2024ರ ಕೊನೆ ಮತ್ತು 2025ರ ಶುರುವಿನ ನಡುವೆ ಅದು 22.04ರಿಂದ 24.04ಕ್ಕೆ ಸರಿಯಿತು. ಕೋಡ್ ಒಂದು ಸಾಲೂ ಬದಲಾಗದೆ ಸಿಐ ಕೆಂಪಾದ ತಂಡಗಳಿದ್ದವು. ವರ್ಶನ್ ಸಂಖ್ಯೆಯನ್ನೇ ಬರೆಯಿರಿ.

ಹಾಗಾದರೆ ಆಕ್ಟ್ ಬೇಡವೇ ಬೇಡವಾ? ಬೇಕು, ಆದರೆ ಬೇರೆ ಕೆಲಸಕ್ಕೆ. ಏಜೆಂಟ್ ವರ್ಕ್‌ಫ್ಲೋ ಫೈಲನ್ನೇ ತಿದ್ದುತ್ತಿದ್ದರೆ ಆಗ ಆಕ್ಟ್ ತನ್ನ ಬೆಲೆ ತೋರಿಸುತ್ತದೆ. ಅದಕ್ಕೂ ಮೊದಲು ಆಕ್ಷನ್‌ಲಿಂಟ್ ಓಡಿಸಿ. ಅದು ಏನನ್ನೂ ಓಡಿಸದೆ ಯಾಮಲ್ ಓದಿ, ತಪ್ಪು ಕೀ, ಇಲ್ಲದ ಸ್ಟೆಪ್‌ನ ಔಟ್‌ಪುಟ್, ತಪ್ಪು ಎಕ್ಸ್‌ಪ್ರೆಶನ್‌ಗಳನ್ನು ಹೇಳುತ್ತದೆ. ಶೆಲ್‌ಚೆಕ್ ಇದ್ದರೆ ಒಳಗಿನ ಬ್ಯಾಶನ್ನೂ ನೋಡುತ್ತದೆ. ಒಂದು ಸೆಕೆಂಡಿನ ಕೆಲಸ. ಯಾಮಲ್ ತಪ್ಪಿಗಾಗಿ ಪುಶ್ ಮಾಡಿ ಕಾಯುವುದು ಇದರಿಂದಲೇ ಬಹಳ ಮಟ್ಟಿಗೆ ನಿಲ್ಲುತ್ತದೆ.

ಆಕ್ಟ್ ಓಡಿಸುವಾಗ ಜಾಬ್ ಹೆಸರು ಕೊಟ್ಟೇ ಓಡಿಸಿ. ಇಮೇಜ್ ಮಧ್ಯಮ ಗಾತ್ರದ್ದು ಇರಲಿ, ಅದು ಸುಮಾರು 500 ಎಂಬಿ. ನಿಮ್ಮ ಡಿಸ್ಕ್ ತುಂಬಿದ್ದು ಬಹುಶಃ ದೊಡ್ಡ ಇಮೇಜ್ ಆರಿಸಿದ್ದರಿಂದ. ಅದಕ್ಕೆ 75 ಜಿಬಿ ಖಾಲಿ ಜಾಗ ಬೇಕು ಅಂತ ಆಕ್ಟ್ ಮೊದಲ ಸಲವೇ ಎಚ್ಚರಿಸುತ್ತದೆ. ಮಧ್ಯಮ ಇಮೇಜ್‌ನಲ್ಲಿ ಗಿಟ್‌ಹಬ್ ರನ್ನರ್‌ನಲ್ಲಿರುವ ಬಹಳಷ್ಟು ಟೂಲ್‌ಗಳು ಇರುವುದಿಲ್ಲ. 'ಕಮಾಂಡ್ ಸಿಗಲಿಲ್ಲ' ಅಂತ ಬಂದರೆ ಆ ಟೂಲನ್ನು ವರ್ಕ್‌ಫ್ಲೋದಲ್ಲೇ ಹಾಕಿಸಿ. ಇದರಿಂದ ಒಂದು ಲಾಭವೂ ಇದೆ: ನಿಮ್ಮ ಸಿಐ ಯಾವ ಟೂಲ್‌ಗಳ ಮೇಲೆ ನಿಂತಿದೆ ಅಂತ ಬರಹದಲ್ಲಿ ಬರುತ್ತದೆ. ಎಆರ್‌ಎಂ ಚಿಪ್‌ನ ಮ್ಯಾಕ್ ಇದ್ದರೆ ಕಂಟೇನರ್ ಆರ್ಕಿಟೆಕ್ಚರ್ ಎಎಂಡಿ64 ಅಂತ ಹೇಳಬೇಕು. ನಿಧಾನ ಆಗುತ್ತದೆ, ಆದರೆ ಸಿಐ ಓಡಿಸುವ ಬೈನರಿಗಳೇ ಓಡುತ್ತವೆ. ಕನ್‌ಕರೆನ್ಸಿ, ಪರ್ಮಿಶನ್ಸ್‌ನಂಥ ಕೀಗಳನ್ನು ಆಕ್ಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಆಕ್ಟ್‌ನಲ್ಲಿ ಓಡಿದ ವರ್ಕ್‌ಫ್ಲೋ ಗಿಟ್‌ಹಬ್‌ನಲ್ಲಿ ಟೋಕನ್ ಅನುಮತಿ ಇಲ್ಲದೆ ಬೀಳಬಹುದು.

ಈಗ ನಿಮಗೆ ಒತ್ತಿ ಹೇಳಬೇಕಾದ ಮಾತು ಸುರಕ್ಷತೆಯದ್ದು. ಬರೀ 'ಆಕ್ಟ್' ಅಂತ ಟೈಪ್ ಮಾಡಿದರೆ ಅದು ಪುಶ್ ಈವೆಂಟ್‌ಗೆ ಇರುವ ವರ್ಕ್‌ಫ್ಲೋಗಳನ್ನೆಲ್ಲ ಓಡಿಸುತ್ತದೆ. ಅದರಲ್ಲಿ ಡಿಪ್ಲಾಯ್ ಜಾಬ್ ಇದ್ದು, ನೀವು ಸೀಕ್ರೆಟ್ ಫೈಲ್‌ನಲ್ಲಿ ನಿಜವಾದ ಕೀಗಳನ್ನು ಕೊಟ್ಟಿದ್ದರೆ, ನಿಮ್ಮ ಏಜೆಂಟ್ ಟೆಸ್ಟ್ ಮಾಡುತ್ತೇನೆ ಅಂದುಕೊಂಡು ಪ್ರೊಡಕ್ಷನ್‌ಗೆ ಡಿಪ್ಲಾಯ್ ಮಾಡಿಬಿಡಬಹುದು. ಲೋಕಲ್ ಓಟಕ್ಕೆ ನಿಜವಾದ ಸೀಕ್ರೆಟ್ ಒಂದನ್ನೂ ಕೊಡಬೇಡಿ. ಸೀಕ್ರೆಟ್ ಇಲ್ಲದೆ ಓಡದ ಜಾಬ್ ಲೋಕಲ್‌ನಲ್ಲಿ ಓಡುವ ಅಗತ್ಯವೇ ಇಲ್ಲ. ಸ್ಟೆಪ್ ಮಟ್ಟದಲ್ಲಿ ಆಕ್ಟ್ ಹಾಕುವ 'ಆಕ್ಟ್' ಎಂಬ ವೇರಿಯಬಲ್ ನೋಡಿ ಸ್ಟೆಪ್ ಬಿಟ್ಟುಬಿಡಬಹುದು. ಆದರೆ ಜಾಬ್ ಮಟ್ಟದ ಷರತ್ತಿನಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್ ಸಿಗುವುದಿಲ್ಲ. ಅಲ್ಲಿ ಈವೆಂಟ್ ಫೈಲ್‌ನಲ್ಲಿ ಒಂದು ಗುರುತು ಇಟ್ಟು ಅದನ್ನು ನೋಡಬೇಕು. ಇದಕ್ಕಿಂತ ಸುಲಭದ ದಾರಿ, ಡಿಪ್ಲಾಯನ್ನು ಬೇರೆ ವರ್ಕ್‌ಫ್ಲೋ ಫೈಲ್‌ಗೆ ಸಾಗಿಸುವುದು.

ಇನ್ನೊಂದು, ಡಾಕರ್‌ಗೆ ಆಜ್ಞೆ ಕೊಡುವ ಬಾಗಿಲಾದ ಡಾಕರ್ ಸಾಕೆಟ್. ಆಕ್ಟ್ ಸಾಮಾನ್ಯವಾಗಿ ಅದನ್ನು ಕಂಟೇನರ್ ಒಳಗೂ ಮೌಂಟ್ ಮಾಡುತ್ತದೆ. ಡಾಕರ್ ಸಾಕೆಟ್ ಕೈಗೆ ಸಿಕ್ಕವರಿಗೆ ಇಡೀ ಯಂತ್ರದ ರೂಟ್ ಅಧಿಕಾರ ಸಿಕ್ಕ ಹಾಗೇ. ಬೇಡವಾದರೆ ಆ ಮೌಂಟನ್ನು ಆಫ್ ಮಾಡುವ ಫ್ಲ್ಯಾಗ್ ಇದೆ, ಬಳಸಿ. ವರ್ಕ್‌ಫ್ಲೋದಲ್ಲಿ ಬರುವ ಮೂರನೆಯವರ ಆಕ್ಷನ್‌ಗಳು ಈಗ ನಿಮ್ಮ ಯಂತ್ರದಲ್ಲೇ ಓಡುತ್ತಿವೆ ಅನ್ನುವುದು ನೆನಪಿರಲಿ. 2025ರ ಮಾರ್ಚ್‌ನಲ್ಲಿ 'ಟಿಜೆ ಆಕ್ಷನ್ಸ್ ಚೇಂಜ್ಡ್ ಫೈಲ್ಸ್' ಎಂಬ ಆಕ್ಷನ್‌ನ ಟ್ಯಾಗ್‌ಗಳನ್ನು ಯಾರೋ ಕೆಟ್ಟ ಕೋಡ್ ಕಡೆಗೆ ತಿರುಗಿಸಿದರು. 23,000ಕ್ಕೂ ಜಾಸ್ತಿ ರೆಪೊಗಳು ಅದನ್ನು ಬಳಸುತ್ತಿದ್ದವು. ಆ ಕೋಡ್ ಸೀಕ್ರೆಟ್‌ಗಳನ್ನು ಲಾಗ್‌ಗೆ ಚೆಲ್ಲುತ್ತಿತ್ತು. ಟ್ಯಾಗ್ ಬದಲು ಪೂರ್ತಿ ಕಮಿಟ್ ಹ್ಯಾಶ್ ಬರೆದಿದ್ದವರಿಗೆ, ಆ ಹ್ಯಾಶ್ ಹಳೆಯ ಒಳ್ಳೆಯ ಕೋಡ್‌ನದ್ದಾಗಿದ್ದರೆ, ಏನೂ ಆಗಲಿಲ್ಲ. ಆಗುವುದಾದರೆ ಏಜೆಂಟನ್ನೇ ಒಂದು ವರ್ಚುವಲ್ ಮಶೀನ್ ಒಳಗೆ ಇಡಿ. ಅದರ ಡಾಕರ್ ಅದಕ್ಕೇ ಇರಲಿ.

ಕಮಾಂಡ್ ಸಿದ್ಧವಾಯಿತು. ಏಜೆಂಟ್ ಅದನ್ನು ಓಡಿಸುತ್ತದೆ ಅನ್ನುವ ಖಾತ್ರಿ ಏನು? ಏಜೆಂಟ್ಸ್ ಎಂಡಿ ಫೈಲ್‌ನಲ್ಲಿ, ಅಥವಾ ನಿಮ್ಮ ಏಜೆಂಟ್ ಓದುವ ಸೂಚನಾ ಫೈಲ್‌ನಲ್ಲಿ, ಎರಡು ಮೂರು ಸಾಲು ಬರೆಯಿರಿ: ಯಾವ ಹಂತ ಯಾವಾಗ, ಪೈಪ್ ಹಾಕಬಾರದು, ಪೂರ್ತಿ ಚೆಕ್ ಪಾಸ್ ಆಗದೆ ಪುಶ್ ಇಲ್ಲ. ಬಹಳ ಸಲ ಇದನ್ನು ಪಾಲಿಸುತ್ತದೆ. ಉದ್ದನೆಯ ಕೆಲಸದ ಕೊನೆಯಲ್ಲಿ ಮರೆಯುವುದೂ ಇದೆ. ಹಾಗಾಗಿ ಬರೀ ಮಾತಿನ ಮೇಲೆ ಬಿಡಬೇಡಿ. ಕ್ಲಾಡ್ ಕೋಡ್ ಎಂಬ ಏಜೆಂಟ್‌ನಲ್ಲಿ 'ಸ್ಟಾಪ್' ಹುಕ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕಮಾಂಡ್) ಇದೆ. ಏಜೆಂಟ್ ಕೆಲಸ ಮುಗಿಯಿತು ಅಂದಾಗ ಅದು ಓಡುತ್ತದೆ. ಹುಕ್ ಎಕ್ಸಿಟ್ ಕೋಡ್ 2 ಕೊಟ್ಟರೆ ಏಜೆಂಟ್ ನಿಲ್ಲುವಂತಿಲ್ಲ, ತಪ್ಪಿನ ಸಂದೇಶ ಅದಕ್ಕೇ ವಾಪಸ್ ಹೋಗುತ್ತದೆ. ಅಲ್ಲಿ ವೇಗದ ಹಂತವನ್ನು ಕಟ್ಟಿ. ಆದರೆ ಸುತ್ತಿಗೆ ಒಂದು ಮಿತಿ ಇಡಿ. ಮೂರು ಸಲ ಬಿದ್ದರೆ ನಿಂತು ಮನುಷ್ಯರನ್ನು ಕೇಳಲಿ. ಮಿತಿ ಇಲ್ಲದಿದ್ದರೆ ಬಗೆಹರಿಯದ ತಪ್ಪಿನ ಸುತ್ತ ಗಂಟೆಗಟ್ಟಲೆ ಸುತ್ತುತ್ತದೆ.

ಗಿಟ್‌ನ ಪ್ರೀ ಪುಶ್ ಹುಕ್ ಕೂಡ ಹಾಕಿ. ಆದರೆ 'ನೋ ವೆರಿಫೈ' ಕೊಟ್ಟರೆ ಅದನ್ನು ದಾಟಬಹುದು, ಮತ್ತು ದಾರಿ ಕಾಣದ ಏಜೆಂಟ್ ಅದನ್ನು ಕೊಟ್ಟೇ ಕೊಡುತ್ತದೆ. ಆ ಫ್ಲ್ಯಾಗ್ ಇರುವ ಕಮಾಂಡನ್ನು ನಿಮ್ಮ ಏಜೆಂಟ್‌ನ ಅನುಮತಿ ಪಟ್ಟಿಯಲ್ಲೇ ತಡೆಯಿರಿ.

ಇದರ ಮುಂದಿನ ಅಪಾಯ ಇನ್ನೂ ದೊಡ್ಡದು. ಚೆಕ್ ಪಾಸ್ ಆಗಬೇಕು ಅಂತ ಒತ್ತಿದಷ್ಟೂ ಏಜೆಂಟ್ ಚೆಕ್ಕನ್ನೇ ಸಡಿಲ ಮಾಡುವ ಸಾಧ್ಯತೆ ಜಾಸ್ತಿ. ಟೆಸ್ಟ್‌ಗೆ 'ಸ್ಕಿಪ್' ಹಾಕುತ್ತದೆ, ಲಿಂಟ್ ನಿಯಮ ಆರಿಸುತ್ತದೆ, ಟೈಮ್‌ಔಟ್ ಹೆಚ್ಚಿಸುತ್ತದೆ, ಸ್ನ್ಯಾಪ್‌ಶಾಟ್ ಹೊಸದಾಗಿ ಬರೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಚೆಕ್ ಸ್ಕ್ರಿಪ್ಟ್, ಟೆಸ್ಟ್ ಕಾನ್ಫಿಗ್, ವರ್ಕ್‌ಫ್ಲೋ ಫೋಲ್ಡರ್, ಈ ಮೂರನ್ನೂ ಕೋಡ್‌ಓನರ್ಸ್ ಫೈಲ್‌ನಲ್ಲಿ ಒಬ್ಬ ಮನುಷ್ಯರ ಹೆಸರಿಗೆ ಹಾಕಿ. ಬ್ರಾಂಚ್ ಪ್ರೊಟೆಕ್ಷನ್‌ನಲ್ಲಿ ಅವರ ಒಪ್ಪಿಗೆ ಕಡ್ಡಾಯ ಮಾಡಿ. ಗಿಟ್‌ಹಬ್‌ನಲ್ಲಿ ಒಂದು ಸೂಕ್ಷ್ಮ ಇದೆ: ಕಡ್ಡಾಯ ಚೆಕ್ ಆಗಿರುವ ಜಾಬ್, ಷರತ್ತಿನಿಂದಾಗಿ ಸ್ಕಿಪ್ ಆದರೆ, ಅದನ್ನು ಯಶಸ್ವಿ ಎಂದೇ ಲೆಕ್ಕ ಹಾಕುತ್ತದೆ. ಅಂದರೆ ಯಾಮಲ್‌ನಲ್ಲಿ ಒಂದು 'ಇಫ್ ಫಾಲ್ಸ್' ಬಂದರೆ ಸಾಕು, ಟೆಸ್ಟ್ ಓಡದೆಯೇ ಪಿಆರ್ ಹಸಿರು. ವರ್ಕ್‌ಫ್ಲೋ ಬದಲಾವಣೆಯನ್ನು ಮನುಷ್ಯರು ಓದಲೇಬೇಕು ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಲೋಕಲ್‌ಗೆ ಬಾರದ ಕೆಲಸಗಳೂ ಉಳಿಯುತ್ತವೆ. ವಿಂಡೋಸ್ ಮತ್ತು ಮ್ಯಾಕ್ ಜಾಬ್‌ಗಳನ್ನು ಲಿನಕ್ಸ್ ಕಂಟೇನರ್‌ನಲ್ಲಿ ಓಡಿಸಲು ಆಗುವುದಿಲ್ಲ. ಉದ್ದನೆಯ ಬ್ರೌಸರ್ ಟೆಸ್ಟ್‌ಗಳು, ಹೊರಗಿನ ಸೇವೆ ಬೇಕಾದ ಟೆಸ್ಟ್‌ಗಳು ಗಿಟ್‌ಹಬ್‌ನಲ್ಲೇ ಇರಲಿ. ಅವು ಬಿದ್ದಾಗ ಏಜೆಂಟ್‌ಗೆ ಪೂರ್ತಿ ಲಾಗ್ ಕೊಡಬೇಡಿ. ಗಿಟ್‌ಹಬ್ ಸಿಎಲ್‌ಐನಲ್ಲಿ ಬಿದ್ದ ಸ್ಟೆಪ್‌ಗಳ ಲಾಗ್ ಮಾತ್ರ ತರುವ 'ಲಾಗ್ ಫೇಲ್ಡ್' ಫ್ಲ್ಯಾಗ್ ಇದೆ. ಅದಕ್ಕೆ ಓದುವ ಅನುಮತಿ ಮಾತ್ರ ಇರುವ ಟೋಕನ್ ಸಾಕು. ಒಂದು ಸಲ ಬಿದ್ದು ಒಂದು ಸಲ ಪಾಸ್ ಆಗುವ ಟೆಸ್ಟ್‌ಗಳನ್ನು ಮಾತ್ರ ಮೊದಲೇ ಬೇರೆ ತೆಗೆದಿಡಿ. ಏಜೆಂಟ್‌ಗೆ ಅದು ಅದೃಷ್ಟದ ಆಟ ಅಂತ ತಿಳಿಯುವುದಿಲ್ಲ. ಸರಿಯಾಗಿರುವ ಕೋಡನ್ನು ತಿದ್ದಲು ಹೋಗಿ ಕೆಡಿಸುತ್ತದೆ.

ಎಲ್ಲಿಂದ ಶುರು ಮಾಡಬೇಕು ಅಂದರೆ, ಈ ವಾರ ನಿಮ್ಮ ಕೊನೆಯ ಇಪ್ಪತ್ತು ಕೆಂಪು ಓಟಗಳನ್ನು ತೆರೆದು, ಪ್ರತಿಯೊಂದಕ್ಕೂ ಒಂದೇ ಸಾಲಿನ ಕಾರಣ ಬರೆಯಿರಿ. ಲಿಂಟ್, ಟೈಪ್ ಜಾಸ್ತಿ ಇದ್ದರೆ ವೇಗದ ಹಂತ ಮತ್ತು ಸ್ಟಾಪ್ ಹುಕ್ ಮೊದಲು. ಕಾಣೆಯಾದ ಫೈಲ್, ಲಾಕ್ ಫೈಲ್, ಮರ್ಜ್ ಜಾಸ್ತಿ ಇದ್ದರೆ ವರ್ಕ್‌ಟ್ರೀ ಮೊದಲು. ಯಾಮಲ್ ತಪ್ಪೇ ಜಾಸ್ತಿ ಇದ್ದರೆ ಇವತ್ತೇ ಆಕ್ಷನ್‌ಲಿಂಟ್ ಹಾಕಿ. ಮೂರನ್ನೂ ಒಟ್ಟಿಗೆ ಕಟ್ಟಲು ಹೋಗಬೇಡಿ. ಒಂದನ್ನು ಹಾಕಿ, ಮುಂದಿನ ಇಪ್ಪತ್ತು ಓಟಗಳನ್ನು ಮತ್ತೆ ಎಣಿಸಿ.